ಗೋಡೆಯ ಮೇಲಿನ ಕಾವಲುಗಾರ: ಸ್ಮೋಕ್ ಅಲಾರಂ ಮತ್ತು ಅದರ ಬ್ಯಾಟರಿಯ ಕಥೆ

2013ರ ಡಿಸೆಂಬರ್ 28ರ ನಸುಕಿನ ವೇಳೆ. ಬೆಂಗಳೂರಿನಿಂದ ನಾಂದೇಡಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲು ಆಗಿನ ಅನಂತಪುರ ಜಿಲ್ಲೆಯ ಕೊತ್ತಚೆರುವು ಸಮೀಪ ಸಾಗುತ್ತಿದ್ದಾಗ ಹವಾನಿಯಂತ್ರಿತ ಬೋಗಿಯೊಂದಕ್ಕೆ ಬೆಂಕಿ ಹತ್ತಿತು. ಪ್ರಯಾಣಿಕರು ಗಾಢ ನಿದ್ರೆಯಲ್ಲಿದ್ದರು. ಕಿಟಕಿಗಳು ಮುಚ್ಚಿದ್ದವು. ಬೋಗಿಯ ತುಂಬ ಹೊಗೆ ಆವರಿಸಿತು. 26 ಮಂದಿ ಪ್ರಾಣ ಕಳೆದುಕೊಂಡರು. ಅನಂತಪುರ ನಮ್ಮ ಬಳ್ಳಾರಿಗೆ ನೆರೆಮನೆಯಿದ್ದಂತೆ. ಅಂದು ಬೆಳಿಗ್ಗೆ ಆ ಸುದ್ದಿ ಕೇಳಿದಾಗ ನಮ್ಮ ಮನೆಗಳಲ್ಲಿಯೂ ಮೌನ ಕವಿದಿತ್ತು.

ಆ ದುರಂತದ ನಂತರದ ವರ್ಷಗಳಲ್ಲಿ ರೈಲ್ವೆಯು ಹವಾನಿಯಂತ್ರಿತ ಬೋಗಿಗಳಲ್ಲಿ ಹೊಗೆಯನ್ನು ಪತ್ತೆಹಚ್ಚಿ ಎಚ್ಚರಿಸುವ ಸಾಧನಗಳನ್ನು ಅಳವಡಿಸುತ್ತ ಬಂದಿದೆ. ಒಂದು ರಾತ್ರಿ ಕಳೆಯುವ ರೈಲಿಗೆ ಬೇಕಾದ ಈ ಕಾವಲು, ಜೀವನವಿಡೀ ಮಲಗುವ ನಮ್ಮ ಮನೆಗೆ ಬೇಡವೇ? ಈ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಮನೆಯ ಸ್ಮೋಕ್ ಅಲಾರಂನ ಇತಿಹಾಸವನ್ನು ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊಗೆಯನ್ನು ಗುರುತಿಸುವ ವಿದ್ಯೆ ಬಹಳ ಹಿಂದೆಯೇ ಮನುಷ್ಯನಿಗೆ ಸಿಕ್ಕಿತ್ತು. ಅದನ್ನು ಮನೆಮನೆಗೆ ತಂದದ್ದು ಒಂದು ಪುಟ್ಟ ಬ್ಯಾಟರಿ. ಅದನ್ನು ನಿಷ್ಪ್ರಯೋಜಕವಾಗಿಸಿದ್ದೂ ಅದೇ ಬ್ಯಾಟರಿಯ ಬಗೆಗಿನ ನಮ್ಮ ಉದಾಸೀನ.

ಹೊಗೆಯೊಂದಿಗೆ ಬಾಳಿದ ಮನೆಗಳು

ನಮ್ಮ ಹಿರಿಯರ ಕಾಲದಲ್ಲಿ ಹೊಗೆ ಮನೆಯ ಸದಸ್ಯನೇ ಆಗಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಹತ್ತಿಕಟ್ಟಿಗೆ, ಸೌದೆ, ಕುರುಳುಗಳಿಂದ ಒಲೆ ಉರಿಯುತ್ತಿತ್ತು. ಹೊಗೆ ಮಾಳಿಗೆಯ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ತೊಲೆಗಳು ಮಸಿಯಿಂದ ಕಪ್ಪಾಗಿರುತ್ತಿದ್ದವು. ಅಂತಹ ಮನೆಯಲ್ಲಿ ಹೊಗೆ ಕಂಡೊಡನೆ ಕೂಗುವ ಯಂತ್ರವಿಟ್ಟಿದ್ದರೆ ಅದು ಹಗಲೂ ಇರುಳೂ ಕೂಗುತ್ತಲೇ ಇರಬೇಕಾಗಿತ್ತು.

ಆದರೆ ರಾತ್ರಿಯ ಬೆಂಕಿಯ ಭಯ ಆಗಲೂ ಇತ್ತು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟ ಸುದ್ದಿ ತಿಳಿದಾಗ, ಮಲಗುವ ಮುನ್ನ ಬೆಂಕಿಯನ್ನು ಆರಿಸಿ ಮಲಗಬೇಕೆಂದು ಪ್ರವಾದಿ ಮುಹಮ್ಮದ್ (ಸ) ಅವರು ಉಪದೇಶಿಸಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ನಮ್ಮ ಅಜ್ಜಿಯರು ಮಲಗುವ ಮೊದಲು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ದೀಪದ ಬತ್ತಿ ಇಳಿಸುತ್ತಿದ್ದುದು ಇದೇ ಎಚ್ಚರದಿಂದ.

ಇಂದು ಮನೆ ಬದಲಾಗಿದೆ. ಬೆಳಕಿಂಡಿಯ ಜಾಗದಲ್ಲಿ ಆರ್.ಸಿ.ಸಿ. ಛಾವಣಿ ಬಂದಿದೆ. ಸೌದೆಯ ಜಾಗದಲ್ಲಿ ಗ್ಯಾಸ್ ಒಲೆ ಬಂದಿದೆ. ಕಳ್ಳರ ಭಯಕ್ಕೆ ಕಿಟಕಿಗಳಿಗೆ ಕಬ್ಬಿಣದ ಗ್ರಿಲ್, ಬಾಗಿಲಿಗೆ ಎರಡೆರಡು ಬೀಗ. ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಬಹುದಿತ್ತು, ಆದರೆ ಇಂದಿನ ಮನೆಯಲ್ಲಿ ಎಲ್ಲವನ್ನೂ ಆರಿಸಿ ಮಲಗಲು ಸಾಧ್ಯವಿಲ್ಲ. ಫ್ರಿಜ್, ಇನ್ವರ್ಟರ್, ಕೂಲರ್, ಮೊಬೈಲ್ ಚಾರ್ಜರ್, ಸೊಳ್ಳೆ ಬತ್ತಿ ಇವೆಲ್ಲ ನಾವು ಮಲಗಿದ ಮೇಲೂ ಎಚ್ಚರವಾಗಿರುತ್ತವೆ. ಹೊಗೆ ಹೊರಹೋಗುವ ದಾರಿ ಮುಚ್ಚಿದೆ. ಬೆಂಕಿ ಹುಟ್ಟುವ ದಾರಿಗಳು ಹೆಚ್ಚಿವೆ.

ಬೆಂಕಿ ಅನಾಹುತಗಳಲ್ಲಿ ಸುಟ್ಟಗಾಯಗಳಿಗಿಂತ ಹೊಗೆಯೇ ಹೆಚ್ಚು ಮಂದಿಯನ್ನು ಕೊಲ್ಲುತ್ತದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ನಮ್ಮ ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲಿ ನಮ್ಮ ಮೂಗು ನಮ್ಮನ್ನು ಎಬ್ಬಿಸುತ್ತದೆ ಎಂದು ನಂಬುವಂತಿಲ್ಲ. ಕಿವಿ ಮಾತ್ರ ಆ ಕೆಲಸ ಮಾಡಬಲ್ಲದು.

ಸಿಗರೇಟಿನ ಹೊಗೆ ಕಲಿಸಿದ ಪಾಠ

ವಿದ್ಯುತ್ತಿನಿಂದ ನಡೆಯುವ ಬೆಂಕಿ ಎಚ್ಚರಿಕೆ ಗಂಟೆಗೆ 1890ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಅದನ್ನು ಪಡೆದವರು ಥಾಮಸ್ ಎಡಿಸನ್ನರ ಸಹವರ್ತಿಯಾಗಿದ್ದ ಫ್ರಾನ್ಸಿಸ್ ಅಪ್ಟನ್ ಮತ್ತು ಅವರ ಜೊತೆಗಾರ ಫರ್ನಾಂಡೊ ಡಿಬಲ್. ಆದರೆ ಅದು ಶಾಖಕ್ಕೆ ಮಾತ್ರ ಸ್ಪಂದಿಸುತ್ತಿತ್ತು. ಶಾಖ ಏರುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ.

1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣವೊಂದರ ಪ್ರಯೋಗದಲ್ಲಿ ತೊಡಗಿದ್ದರು. ವಿಷಾನಿಲಕ್ಕೆ ಯಂತ್ರ ಸ್ಪಂದಿಸಲಿಲ್ಲ. ಬೇಸರದಿಂದ ಅವರು ಸಿಗರೇಟು ಹಚ್ಚಿದಾಗ ಮೀಟರಿನ ಮುಳ್ಳು ಅಲುಗಾಡಿತು ಎಂದು ಹೇಳುತ್ತಾರೆ. ಹುಡುಕಿದ್ದು ಒಂದು, ಸಿಕ್ಕಿದ್ದು ಮತ್ತೊಂದು. ಅದೇ ದೇಶದ ಅರ್ನ್‌ಸ್ಟ್ ಮೈಲಿ 1940ರ ದಶಕದಲ್ಲಿ ಈ ತತ್ವವನ್ನು ಬಳಕೆಗೆ ಯೋಗ್ಯವಾದ ಯಂತ್ರವನ್ನಾಗಿ ರೂಪಿಸಿದರು.

ತತ್ವ ಸರಳವಾದುದು. ಯಂತ್ರದೊಳಗೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವಿರುತ್ತದೆ. ಇಂದು ಬಳಕೆಯಲ್ಲಿರುವುದು ಅಮೆರಿಸಿಯಂ 241. ಅದರ ತೂಕ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದು ಹೊರಸೂಸುವ ಆಲ್ಫಾ ಕಣಗಳು ಎರಡು ತಗಡುಗಳ ನಡುವಿನ ಗಾಳಿಯನ್ನು ಅಯಾನುಗಳನ್ನಾಗಿ ಒಡೆಯುತ್ತವೆ. ಆಗ ತಗಡುಗಳ ನಡುವೆ ಸಣ್ಣ ವಿದ್ಯುತ್ ಹರಿಯುತ್ತದೆ. ಹೊಗೆಯ ಕಣಗಳು ಒಳಬಂದು ಅಯಾನುಗಳಿಗೆ ಅಂಟಿಕೊಂಡರೆ ವಿದ್ಯುತ್ ಕುಗ್ಗುತ್ತದೆ, ಗಂಟೆ ಕೂಗುತ್ತದೆ. ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೇ ತಡೆಯಬಲ್ಲದಾದ್ದರಿಂದ ಗೋಡೆಯ ಮೇಲಿರುವ ಯಂತ್ರದಿಂದ ಅಪಾಯವಿಲ್ಲ. ಆದರೆ ಅದನ್ನು ಒಡೆಯಬಾರದು, ಸುಡಬಾರದು.

ಎರಡನೆಯ ಬಗೆಯ ಅಲಾರಂ ಬೆಳಕಿನ ಕಿರಣವನ್ನು ಅವಲಂಬಿಸುತ್ತದೆ. ಕತ್ತಲೆ ಕೋಣೆಯೊಳಗೆ ಬಿಸಿಲುಕೋಲು ಬಿದ್ದಾಗ ಧೂಳಿನ ಕಣಗಳು ಹೊಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆಯೇ ಹೊಗೆಯ ಕಣಗಳು ಚದುರಿಸಿದ ಬೆಳಕನ್ನು ಯಂತ್ರದ ಕಣ್ಣು ಗುರುತಿಸುತ್ತದೆ. ಹಾಸಿಗೆ, ಸೋಫಾಗಳು ಮೆಲ್ಲನೆ ಹೊಗೆಯಾಡುವ ಬೆಂಕಿಗೆ ಈ ಬಗೆ ಬೇಗ ಸ್ಪಂದಿಸುತ್ತದೆ. ಧಗಧಗ ಉರಿಯುವ ಬೆಂಕಿಗೆ ಮೊದಲಿನ ಬಗೆ ಚುರುಕು.

ಬ್ಯಾಟರಿ ತಂದ ಬದಲಾವಣೆ

ವಿದ್ಯೆ ಸಿಕ್ಕಿತು, ಆದರೆ ಯಂತ್ರ ಮನೆಗೆ ಬರಲಿಲ್ಲ. ಆರಂಭದ ಯಂತ್ರಗಳಿಗೆ ಹೆಚ್ಚಿನ ವೋಲ್ಟೇಜ್ ಬೇಕಿತ್ತು, ಪ್ರತ್ಯೇಕ ತಂತಿ ಎಳೆಯಬೇಕಿತ್ತು, ಬೆಲೆಯೂ ದುಬಾರಿ. ಹೀಗಾಗಿ ಅವು ಕಾರ್ಖಾನೆ, ಗೋದಾಮು, ದೊಡ್ಡ ಕಚೇರಿಗಳಿಗೆ ಸೀಮಿತವಾದವು.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಯುಗ ಬಂದಿತು. ನಮ್ಮ ಹಿರಿಯರು ಹೊಲದ ಬದುವಿನ ಮೇಲಿಟ್ಟುಕೊಂಡು ಕೇಳುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೋ ನೆನಪಿರಬಹುದು. ಅಂತಹ ರೇಡಿಯೋಗಳಿಗಾಗಿಯೇ 1956ರಲ್ಲಿ ಮಾರುಕಟ್ಟೆಗೆ ಬಂದದ್ದು ಚಿಕ್ಕ ಪೆಟ್ಟಿಗೆಯಾಕಾರದ 9 ವೋಲ್ಟ್ ಬ್ಯಾಟರಿ. ಅದರೊಳಗೆ 1.5 ವೋಲ್ಟಿನ ಆರು ಪುಟ್ಟ ಸೆಲ್ಲುಗಳು ಸಾಲಾಗಿ ಜೋಡಣೆಗೊಂಡಿರುತ್ತವೆ.

1965ರಲ್ಲಿ ಅಮೆರಿಕದ ಡೆನ್ವರ್ ನಗರದ ಡ್ಯುಏನ್ ಪಿಯರ್ಸಾಲ್ ಎಂಬ ಉದ್ಯಮಿ ಕಾರ್ಖಾನೆಗಳಲ್ಲಿ ಸ್ಥಿರ ವಿದ್ಯುತ್ತನ್ನು ನಿವಾರಿಸುವ ಉಪಕರಣ ತಯಾರಿಸುತ್ತಿದ್ದರು. ಅವರ ಪ್ರಯೋಗಾಲಯದಲ್ಲಿಯೂ ಸಿಗರೇಟಿನ ಹೊಗೆಯಿಂದ ಮೀಟರಿನ ಮುಳ್ಳು ಕೆಳಗಿಳಿಯಿತು. ಯೇಗರ್ ಕಂಡದ್ದನ್ನೇ ಅವರೂ ಕಂಡರು. ಸ್ಟ್ಯಾನ್ಲಿ ಪೀಟರ್ಸನ್ ಅವರ ಜೊತೆಗೂಡಿ ಬ್ಯಾಟರಿಯಿಂದ ನಡೆಯುವ ಮನೆಬಳಕೆಯ ಅಲಾರಂ ರೂಪಿಸಿದರು. 1975ರ ವೇಳೆಗೆ ಅದು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಆರಂಭದ ಕೆಲವು ಅಲಾರಂಗಳಿಗೆ ವಿಶೇಷ ಬ್ಯಾಟರಿ ಬೇಕಾಗುತ್ತಿತ್ತು. ಎಲ್ಲ ಅಂಗಡಿಗಳಲ್ಲಿ ಸಿಗುವ 9 ವೋಲ್ಟ್ ಬ್ಯಾಟರಿಗೆ ಹೊಂದಿಕೊಂಡ ಮೇಲೆ ಅದು ಎಲ್ಲರ ಕೈಗೆಟುಕಿತು. ತಂತಿ ಬೇಡ, ಮಿಸ್ತ್ರಿ ಬೇಡ. ಎರಡು ಸ್ಕ್ರೂ ಬಿಗಿದರೆ ಆಯಿತು. ಅಮೆರಿಕದಲ್ಲಿ 1975ರಲ್ಲಿ ಹತ್ತರಲ್ಲಿ ಒಂದು ಮನೆಯಲ್ಲೂ ಇಲ್ಲದಿದ್ದ ಅಲಾರಂ, 2000ದ ಹೊತ್ತಿಗೆ ನೂರರಲ್ಲಿ 95 ಮನೆಗಳನ್ನು ತಲುಪಿತ್ತು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಸಾಮಾನ್ಯ 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿ ಆಂಪಿಯರ್ ಗಂಟೆ. ವರ್ಷಕ್ಕೆ 8760 ಗಂಟೆಗಳು. ಭಾಗಿಸಿದರೆ, ಒಂದು ವರ್ಷ ಬಾಳಬೇಕಾದರೆ ಯಂತ್ರವು ಸರಾಸರಿ 57 ಮೈಕ್ರೋ ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಬಳಸಬಾರದು. ಹತ್ತು ವರ್ಷ ಬಾಳಬೇಕಾದರೆ ಆರು ಮೈಕ್ರೋ ಆಂಪಿಯರಿಗಿಂತಲೂ ಕಡಿಮೆ. ಹಗಲಿರುಳು ನಿದ್ರಿಸದ ಕಾವಲುಗಾರನಿಗೆ ನಾವು ಕೊಡುವ ಊಟ ಇಷ್ಟೇ!

ಒಗ್ಗರಣೆ ಮತ್ತು ಕಳಚಿದ ಬ್ಯಾಟರಿ

ಇಷ್ಟಾದರೂ ಬೆಂಕಿಯಲ್ಲಿ ಸಾಯುವವರು ಇದ್ದೇ ಇದ್ದರು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಅಲಾರಂ ಇದ್ದ ಮನೆಗಳ ಪೈಕಿ ಸುಮಾರು ಐದರಲ್ಲೊಂದು ಮನೆಯಲ್ಲಿ ಒಂದೂ ಕೆಲಸ ಮಾಡುತ್ತಿರಲಿಲ್ಲ. ಮುಖ್ಯ ಕಾರಣ ಯಂತ್ರದ ದೋಷವಲ್ಲ. ಬ್ಯಾಟರಿ ಮುಗಿದಿತ್ತು, ಇಲ್ಲವೇ ಯಾರೋ ತೆಗೆದಿದ್ದರು.

ಏಕೆ ತೆಗೆದರು? ಅಮೆರಿಕದಲ್ಲಿ ನೆಲೆಸಿದ ಯಾವುದೇ ಕನ್ನಡ ಕುಟುಂಬವನ್ನು ಕೇಳಿದರೂ ಉತ್ತರ ಸಿಗುತ್ತದೆ. ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಅಲಾರಂ ಕಿರುಚುತ್ತದೆ. ಒಣಮೆಣಸಿನಕಾಯಿ ಹುರಿದರಂತೂ ಕೇಳುವುದೇ ಬೇಡ. ನಾಲ್ಕು ಸಲ ಟವೆಲ್ ಬೀಸಿದವರು ಐದನೆಯ ಸಲ ಬ್ಯಾಟರಿಯನ್ನೇ ಕಿತ್ತುಹಾಕುತ್ತಾರೆ.

ನಮ್ಮ ಮನೆಯ ಕಥೆಯೂ ಬೇರೆಯಲ್ಲ. ಕೊಲ್ಲಿ ದೇಶದಿಂದ ಮರಳಿದ ನಮ್ಮ ಬಂಧುವೊಬ್ಬರು ಸಿರುಗುಪ್ಪದ ನಮ್ಮ ಮನೆಗೆ ಇಂತಹ ಅಲಾರಂ ಒಂದನ್ನು ತಂದುಕೊಟ್ಟಿದ್ದರು. ವರ್ಷ ಕಳೆದ ಮೇಲೆ ಅದು ರಾತ್ರಿಯೆಲ್ಲ ನಿಮಿಷಕ್ಕೊಮ್ಮೆ ‘ಚಿಂವ್’ ಎನ್ನತೊಡಗಿತು. ಹಲ್ಲಿ ಇರಬೇಕೆಂದು ಎರಡು ದಿನ ಹುಡುಕಿದೆವು. ಕೊನೆಗೆ ಬ್ಯಾಟರಿ ಬದಲಿಸಿದೆವು. ಹೊಸ ಬ್ಯಾಟರಿ ಹಾಕಿದ ತಿಂಗಳಲ್ಲೇ ಮಕ್ಕಳ ಶಾಲಾ ಕಾರ್ಯಕ್ರಮದ ಕಾರ್ಡ್‌ಲೆಸ್ ಮೈಕಿಗೆ 9 ವೋಲ್ಟ್ ಬ್ಯಾಟರಿ ಬೇಕಾಯಿತು. ಅಲಾರಂನದನ್ನು ತೆಗೆದುಕೊಟ್ಟೆವು. ಅದು ಮರಳಿ ಬರಲಿಲ್ಲ, ನಾವೂ ಕೇಳಲಿಲ್ಲ. ಎರಡು ವರ್ಷ ಅಲಾರಂ ಬಾಯಿ ತೆರೆದುಕೊಂಡು ಗೋಡೆಯ ಮೇಲಿತ್ತು. ಒಂದು ರಾತ್ರಿ ಹಾಸಿಗೆಯ ಮೇಲಿಟ್ಟ ಮೊಬೈಲ್ ಚಾರ್ಜರ್ ಕಾದು ಹತ್ತಿಯ ಗಾದಿ ಹೊಗೆಯಾಡತೊಡಗಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಜ್ಜಿಗೆ ಮೊದಲಿನಿಂದಲೂ ನಿದ್ರೆ ಕಡಿಮೆ. ಅವರ ಕೆಮ್ಮೇ ಅಂದು ನಮ್ಮ ಅಲಾರಂ ಆಯಿತು. ಅಲ್ಲಾಹನ ಕೃಪೆಯಿಂದ ಮಕ್ಕಳು ಉಳಿದರು. ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಬ್ಯಾಟರಿ ತಂದದ್ದು. ಅಜ್ಜಿ ಈಗ ಇಲ್ಲ. ಪ್ರತಿ ಮನೆಯಲ್ಲಿಯೂ ನಿದ್ರೆ ಬಾರದ ಅಜ್ಜಿಯೊಬ್ಬರು ಇರುವುದಿಲ್ಲ.

ನಿಯಮಗಳು ಬೆಳೆದ ಬಗೆ

ಮನುಷ್ಯನ ಈ ಸ್ವಭಾವವನ್ನು ಕಂಡೇ ಬ್ಯಾಟರಿಯ ಬಗ್ಗೆ ನಿಯಮಗಳು ಒಂದೊಂದಾಗಿ ರೂಪುಗೊಂಡವು. ಅಮೆರಿಕದ ಮಾನದಂಡದ ಪ್ರಕಾರ ಬ್ಯಾಟರಿ ಕನಿಷ್ಠ ಒಂದು ವರ್ಷ ಬಾಳಬೇಕು. ಶಕ್ತಿ ಕುಂದಿದಾಗ ನಿಮಿಷಕ್ಕೊಮ್ಮೆಯಾದರೂ ಸದ್ದು ಮಾಡುತ್ತ ಏಳು ದಿನ ಎಚ್ಚರಿಸಬೇಕು. ಯುರೋಪಿನ ಇ.ಎನ್. 14604 ಮಾನದಂಡ ಈ ಎಚ್ಚರಿಕೆಯ ಅವಧಿಯನ್ನು 30 ದಿನಗಳಿಗೆ ನಿಗದಿಪಡಿಸಿದೆ. ನಮ್ಮನ್ನು ಕಾಡಿದ ಆ ‘ಚಿಂವ್’ ಸದ್ದು ದೋಷವಲ್ಲ. ಅದು ಕಾನೂನು ಬರೆದವರು ಬೇಕೆಂದೇ ಇಟ್ಟ ಸದ್ದು.

1987ರಲ್ಲಿ ಅಮೆರಿಕದ ಅಗ್ನಿಶಾಮಕ ಮುಖ್ಯಸ್ಥರ ಸಂಘವು ಬ್ಯಾಟರಿ ಕಂಪನಿಯೊಂದರ ಜೊತೆಗೂಡಿ ಒಂದು ಆಂದೋಲನ ಆರಂಭಿಸಿತು. ಅಲ್ಲಿ ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಪದ್ಧತಿಯಿದೆ. ಗಡಿಯಾರ ತಿರುಗಿಸುವ ದಿನವೇ ಅಲಾರಂನ ಬ್ಯಾಟರಿಯನ್ನೂ ಬದಲಿಸಿರಿ ಎಂಬುದು ಆ ಕರೆ.

ಮುಂದೆ ಲಿಥಿಯಂ ಬ್ಯಾಟರಿಗಳು ಬಂದವು. 10 ವರ್ಷ ಬಾಳುವ, ಯಂತ್ರದೊಳಗೇ ಮುಚ್ಚಿಟ್ಟ, ತೆಗೆಯಲು ಬಾರದ ಬ್ಯಾಟರಿ ಸಾಧ್ಯವಾಯಿತು. ಅಲಾರಂನ ಆಯುಸ್ಸೂ ಸುಮಾರು 10 ವರ್ಷವೇ. ಎರಡೂ ಒಟ್ಟಿಗೆ ಮುಗಿಯುತ್ತವೆ, ಆಗ ಇಡೀ ಯಂತ್ರವನ್ನೇ ಬದಲಿಸಬೇಕು. ಬರೀ ಬ್ಯಾಟರಿಯಿಂದ ನಡೆಯುವ ಅಲಾರಂ ಮಾರುವುದಾದರೆ ಇಂತಹದನ್ನೇ ಮಾರಬೇಕೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿ 2014ರ ಜುಲೈ 1ರಿಂದ, ನ್ಯೂಯಾರ್ಕ್ ರಾಜ್ಯದಲ್ಲಿ 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2011ರಲ್ಲಿ ಒಂದೇ ಮನೆಯ ಬೆಂಕಿಗೆ 11 ಜನ ಬಲಿಯಾದ ನಂತರ ಕಾನೂನು ಬಿಗಿಯಾಯಿತು. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಎಲ್ಲ ಮನೆಗಳಿಗೂ ಒಂದು ಕೂಗಿದರೆ ಎಲ್ಲವೂ ಕೂಗುವ ಅಲಾರಂಗಳು ಕಡ್ಡಾಯ. ಅವು ಮನೆಯ ವಿದ್ಯುತ್ತಿನಿಂದ ನಡೆಯಬೇಕು, ಇಲ್ಲವೇ ತೆಗೆಯಲು ಬಾರದ ದೀರ್ಘಾಯುಷ್ಯದ ಬ್ಯಾಟರಿ ಹೊಂದಿರಬೇಕು.

ನಮ್ಮ ನಾಡಿನಲ್ಲಿ

ಭಾರತದಲ್ಲಿ 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಅಗ್ನಿ ಸುರಕ್ಷತೆಗೆ ಮೀಸಲಾಗಿದೆ. ಬೆಂಕಿ ಪತ್ತೆಹಚ್ಚುವ ವ್ಯವಸ್ಥೆಯ ಅಳವಡಿಕೆಗೆ ಐ.ಎಸ್. 2189 ಎಂಬ ಮಾನದಂಡವಿದೆ. ವಿದ್ಯುತ್ ಕೈಕೊಟ್ಟಾಗ ನೆರವಿಗೆ ಬರುವ ಬ್ಯಾಟರಿ ಇರಲೇಬೇಕೆಂದು ಅದು ಹೇಳುತ್ತದೆ. ಆದರೆ ಇವೆಲ್ಲ ಮುಖ್ಯವಾಗಿ ಎತ್ತರದ ಕಟ್ಟಡ, ಆಸ್ಪತ್ರೆ, ಹೋಟೆಲು, ಮಳಿಗೆಗಳನ್ನು ಕುರಿತವು. ನಮ್ಮ ಬೀದಿಯ ಒಂದು, ಎರಡು ಅಂತಸ್ತಿನ ಮನೆಗೆ ಅಲಾರಂ ಹಾಕಿ ಎಂದು ಹೇಳುವ ಕಾನೂನು ಇಲ್ಲ.

ಹೊಗೆಯ ಪಾಠವನ್ನು ಮಾತ್ರ ನಾವು ಮತ್ತೆ ಮತ್ತೆ ಕಲಿತಿದ್ದೇವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಮೇಲಿನ ಅಂತಸ್ತುಗಳಿಗೆ ಹೊಗೆ ತುಂಬಿ 9 ಮಂದಿ ತೀರಿಕೊಂಡರು. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಪ್ರಾಣಬಿಟ್ಟರು. ಹೆಚ್ಚಿನವರನ್ನು ಕೊಂದದ್ದು ಹೊಗೆಯೇ. ಮನೆಮಂದಿಯ ಅನ್ನಕ್ಕಾಗಿ ದೂರ ಹೋದವರು ನಿದ್ರೆಯಿಂದ ಏಳಲಿಲ್ಲ. ನಮ್ಮ ಜಿಲ್ಲೆಯಿಂದಲೂ ಮಕ್ಕಳು ಕೊಲ್ಲಿ ದೇಶಗಳಿಗೆ, ದೊಡ್ಡ ನಗರಗಳ ಬಾಡಿಗೆ ಕೋಣೆಗಳಿಗೆ ಹೋಗುತ್ತಿದ್ದಾರೆ ಎಂಬುದನ್ನು ಪೋಷಕರು ಮರೆಯಬಾರದು.

ಬಳ್ಳಾರಿಯ ಬಿಸಿಲಿನಲ್ಲಿ

ಹಾಗಾದರೆ ನಾವು ಏನು ಮಾಡಬಹುದು? ಪರದೇಶದ ಪದ್ಧತಿಯನ್ನು ಹಾಗೆಯೇ ನಕಲು ಮಾಡಿದರೆ ಸಾಲದು. ಅಮೆರಿಕದ ಹಲವು ಅಲಾರಂಗಳ ಕೈಪಿಡಿಯಲ್ಲಿ 4ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಬೇಕೆಂದು ಬರೆದಿರುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಛಾವಣಿಯ ಅಡಿಯಲ್ಲಿ ಶಾಖ ಇನ್ನೂ ಹೆಚ್ಚು. ಶಾಖ ಹೆಚ್ಚಾದಷ್ಟೂ ಬ್ಯಾಟರಿ ತಾನಾಗಿಯೇ ಬೇಗ ಸೋರುತ್ತದೆ. ಆದ್ದರಿಂದ ಕೊಳ್ಳುವಾಗ ಎಷ್ಟು ಡಿಗ್ರಿಯವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಓದಿಯೇ ಕೊಳ್ಳಬೇಕು. ಬದಲಿಸುವ ಬ್ಯಾಟರಿಯಾದರೆ ಪೂರ್ತಿ ಮುಗಿಯುವವರೆಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಬೇಕು.

ಮನೆಯ ಕರೆಂಟಿಗೆ ಮಾತ್ರ ಜೋಡಿಸಿದ ಅಲಾರಂ ನಮಗೆ ಸಲ್ಲದು. ಕರೆಂಟು ಹೋಗುವುದು ನಮಗೆ ಹೊಸತಲ್ಲ. ಅಲ್ಲದೆ ಶಾರ್ಟ್ ಸರ್ಕ್ಯೂಟ್ ಆದಾಗ ಮೊದಲು ಬೀಳುವುದು ಮೇನ್ ಸ್ವಿಚ್. ಬೇಕಾದ ಗಳಿಗೆಯಲ್ಲೇ ಯಂತ್ರ ಮೂಕವಾಗುತ್ತದೆ. ಬ್ಯಾಟರಿ ಇರಲೇಬೇಕು.

ಅಡುಗೆಮನೆಯೊಳಗೆ ಅಲಾರಂ ಹಾಕಬೇಡಿ. ಅಲ್ಲಿ ಒಗ್ಗರಣೆಯೇ ಗೆಲ್ಲುತ್ತದೆ. ಮಲಗುವ ಕೋಣೆಯಲ್ಲಿ ಮತ್ತು ಅದರ ಹೊರಗಿನ ಪಡಸಾಲೆಯಲ್ಲಿ, ಛಾವಣಿಗೆ ಹಾಕಿ. ನಮ್ಮ ಊರಿನ ಧೂಳು ಒಳಸೇರದಂತೆ ಆಗಾಗ ಒಣಬಟ್ಟೆಯಿಂದ ಒರೆಸಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಸದ್ದು ಬರುತ್ತದೆಯೇ ನೋಡಿ. ಸದ್ದು ಕೇಳಿದಾಗ ಯಾರು ಮಕ್ಕಳನ್ನು ಎತ್ತಿಕೊಳ್ಳಬೇಕು, ಬೀಗದ ಕೈ ಎಲ್ಲಿರುತ್ತದೆ, ಹೊರಗೆ ಎಲ್ಲಿ ಸೇರಬೇಕು ಎಂಬುದನ್ನು ಮನೆಯವರೆಲ್ಲ ಒಮ್ಮೆ ಅಭ್ಯಾಸ ಮಾಡಿರಬೇಕು. ಹೊಗೆಯಲ್ಲಿ ನೆಲಕ್ಕೆ ಬಾಗಿ ಸಾಗಬೇಕು. ಹೊರಬಂದ ಮೇಲೆ 101 ಅಥವಾ 112ಕ್ಕೆ ಕರೆ ಮಾಡಬೇಕು.

ಗಡಿಯಾರ ತಿರುಗಿಸುವ ದಿನ ನಮ್ಮ ದೇಶದಲ್ಲಿಲ್ಲ. ಆದರೆ ನಮಗೆ ಏಪ್ರಿಲ್ 14 ಇದೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸ್ಫೋಟಗೊಂಡು, ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಬಹುಸಂಖ್ಯೆಯಲ್ಲಿ ಪ್ರಾಣತೆತ್ತರು. ಅವರ ನೆನಪಿಗಾಗಿ ಆ ದಿನವನ್ನು ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ. ಬಳ್ಳಾರಿಯ ಬಿಸಿಲು ಏರುವ ಕಾಲವೂ ಅದೇ. ಅಂದು ಪ್ರತಿ ಮನೆಯಲ್ಲಿ, ಪ್ರತಿ ವಿದ್ಯಾರ್ಥಿ ನಿಲಯದಲ್ಲಿ ಅಲಾರಂನ ಬ್ಯಾಟರಿ ಬದಲಿಸುವ ರೂಢಿಯನ್ನು ನಾವೇ ಏಕೆ ಆರಂಭಿಸಬಾರದು? ಸಂಘದ ಸದಸ್ಯರು ಮನಸ್ಸು ಮಾಡಿದರೆ ಇದು ಕಷ್ಟದ ಮಾತಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಯಂತ್ರವನ್ನು ಇಬ್ಬರು ಬೇರೆ ಬೇರೆ ದೇಶಗಳಲ್ಲಿ ಆಕಸ್ಮಿಕವಾಗಿ ಕಂಡುಕೊಂಡರು. ಅದನ್ನು ಮನೆಗೆ ತರಲು ಹಲವರು ದುಡಿದರು. ಅದರ ಬ್ಯಾಟರಿ ತೆಗೆಯದಂತೆ ತಡೆಯಲು ಸರ್ಕಾರಗಳು ಕಾನೂನು ಬರೆದವು. ನಮ್ಮಲ್ಲಿ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಚಾರ್ಜರ್ ತೆಗೆಯಿರಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿರಿ. ನಂತರ ಒಮ್ಮೆ ತಲೆಯೆತ್ತಿ ಛಾವಣಿಯತ್ತ ನೋಡಿರಿ. ಅಲ್ಲಿ ಕಾವಲುಗಾರ ಇದ್ದಾನೆಯೇ? ಇದ್ದರೆ ಅವನ ಹೊಟ್ಟೆಯಲ್ಲಿ ಬ್ಯಾಟರಿ ಇದೆಯೇ?